ಮುಕ್ತ ಸೈಕಲ್ ಸ್ಪರ್ಧೆಗೆ ಯಾವ ಸೈಕಲ್ ಬರಬಹುದು?

ಮಾನ್ಯ ಸಂಪಾದಕರೇ,

ಯಾರು ಬೇಕಾದರೂ ಹೆಸರು ನೋಂದಾಯಿಸಿ ಭಾಗವಹಿಸಬಹುದಾದ ಮುಕ್ತ ಸೈಕಲ್ ಸ್ಪರ್ಧೆಗಳಲ್ಲಿ ಗೇರ್ ಸೈಕಲ್‌ಗಳನ್ನು ಸಂಪೂರ್ಣವಾಗಿ ನಿಷೇಧಿಸಬೇಕು, ಎಲ್ಲರೂ ಸಾದಾ ಸೈಕಲ್ ತುಳಿದಾಗ ಮಾತ್ರ ಬಡವರ ಮಕ್ಕಳಿಗೆ ಗೆಲ್ಲುವ ಅವಕಾಶ ಸಿಗುತ್ತದೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅದಕ್ಕೆ ಪ್ರತಿಕ್ರಿಯಿಸಿದ ಮತ್ತೊಬ್ಬರು, ಇಪ್ಪತ್ತು ಕಿಲೊ ತೂಕದ ಹಳೆಯ ಸೈಕಲ್‌ಗಳು ಓಟದ ನಡುವೆ ಅಡ್ಡ ಬಂದು ಅಪಘಾತಕ್ಕೆ ಕಾರಣವಾಗುವುದರಿಂದ ಹೊರಗಿಡಬೇಕಾದದ್ದು ಅವನ್ನೇ ಎಂದಿದ್ದರು. ಇಬ್ಬರ ಕಾಳಜಿಯಲ್ಲೂ ಹುರುಳಿದೆ. ಆದರೆ ಎರಡೂ ಪತ್ರಗಳಲ್ಲಿ ಬೇರೆ ಬೇರೆಯಾಗಿ ಇಡಬೇಕಾದ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಯಾವ ಸೈಕಲ್ ಗುಂಪಿನೊಳಗೆ ಬಂದರೆ ಪಕ್ಕದ ಸವಾರನ ಮೈಮೂಳೆಗೆ ಅಪಾಯ ಎಂಬುದು ಒಂದು ಪ್ರಶ್ನೆ. ಯಾವ ಸೈಕಲನ್ನು ಯಾವುದರ ಜೊತೆ ಓಡಿಸಿದರೆ ನ್ಯಾಯ ಎಂಬುದು ಇನ್ನೊಂದು. ಮೊದಲನೆಯದನ್ನು ತಪಾಸಣೆಯಿಂದ ಬಗೆಹರಿಸಬೇಕು, ಎರಡನೆಯದನ್ನು ವಿಭಾಗ ಮಾಡಿ ಬಗೆಹರಿಸಬೇಕು. ಇವೆರಡಕ್ಕೂ ನಿಷೇಧವೊಂದೇ ಮದ್ದು ಎಂದು ಹೊರಟರೆ ರೋಗವೂ ವಾಸಿಯಾಗುವುದಿಲ್ಲ, ರೋಗಿಯೂ ಉಳಿಯುವುದಿಲ್ಲ.

ಇದನ್ನು ನಾನು ನನ್ನದೇ ತಪ್ಪಿನಿಂದ ಕಲಿತವನು. ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದ ಮೇಲೆ, ನಮ್ಮ ಭಾಗದ ಒಂದು ಊರಿನಲ್ಲಿ ನಡೆದ ಮುಕ್ತ ಸ್ಪರ್ಧೆಗೆ ಸ್ವಯಂಸೇವಕನಾಗಿ ಹೋಗಿದ್ದೆ. ಬೆಳಗಿನ ಜಾವ ಆರಂಭದ ಗೆರೆಯ ಬಳಿ ನಿಂತು ಸೈಕಲ್‌ಗಳನ್ನು ನೋಡಿ ಒಳಗೆ ಬಿಡುವುದು ನನಗೆ ಒಪ್ಪಿಸಿದ ಕೆಲಸ. ಸಂಘಟಕರು ಕೊಟ್ಟ ಹಾಳೆಯಲ್ಲಿ ‘ಗೇರ್ ಸೈಕಲ್ ಮಾತ್ರ’ ಎಂದಿತ್ತು. ಹಾಲಿನ ಕ್ಯಾನು ತೂಗಿಹಾಕುವ ಕೊಕ್ಕೆಗಳನ್ನೂ ಬಿಚ್ಚದೆ, ಕ್ಯಾರಿಯರ್ ಸಮೇತ ತನ್ನ ಸಾದಾ ಸೈಕಲ್ ತಂದಿದ್ದ ಹದಿನೇಳು ಹದಿನೆಂಟರ ಹುಡುಗನೊಬ್ಬನನ್ನು ನಾನು ಆ ಹಾಳೆ ತೋರಿಸಿ ವಾಪಸು ಕಳಿಸಿದೆ. ಅವನ ಹಿಂದೆಯೇ ಬಂದವರೊಬ್ಬರ ಸೈಕಲ್‌ನ ಹ್ಯಾಂಡಲ್ ಮೇಲೆ ಮುಂದಕ್ಕೆ ಚಾಚಿದ ಎರಡು ಕೊಳವೆಗಳಿದ್ದವು. ಮೊಳಕೈ ಊರಿ ಮೈಯನ್ನು ಚಪ್ಪಟೆ ಮಾಡಿಕೊಂಡು ಓಡಿಸಲು ಅನುವಾಗುವ ಏರೋಬಾರ್ ಅದು. ಹಾಳೆಯಲ್ಲಿ ಅದರ ಬಗ್ಗೆ ಏನೂ ಇರಲಿಲ್ಲವಾದ್ದರಿಂದ ಅವರನ್ನು ಒಳಗೆ ಬಿಟ್ಟೆ. ಹತ್ತು ಕಿಲೊಮೀಟರ್ ದಾಟುವುದರೊಳಗೆ ಗುರುತು ಬಳಿಯದ ರಸ್ತೆ ಉಬ್ಬೊಂದರ ಮುಂದೆ ಗುಂಪು ಒಮ್ಮೆಲೇ ನಿಧಾನಿಸಿದಾಗ, ಬ್ರೇಕಿನಿಂದ ದೂರದಲ್ಲಿ ಕೈ ಇಟ್ಟುಕೊಂಡಿದ್ದ ಅವರು ಮುಂದಿನವರ ಹಿಂದಿನ ಚಕ್ರಕ್ಕೆ ತಾಗಿ ತಾವೂ ಬಿದ್ದು ಬೇರೆ ಮೂವರನ್ನೂ ಬೀಳಿಸಿದರು. ಒಬ್ಬರ ಹೆಗಲ ಮೂಳೆ ಮುರಿಯಿತು.

ಹುಡುಗನನ್ನು ತಡೆದದ್ದು ತಪ್ಪು, ಅವರನ್ನು ಬಿಟ್ಟದ್ದು ತಪ್ಪು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ವಿಷಯ ಅಷ್ಟು ಸರಳವಾಗಿರಲಿಲ್ಲ. ಆ ಹುಡುಗ ಸೈಕಲ್ ತಿರುಗಿಸಿಕೊಂಡು ಹೋಗುವಾಗ ಅವನ ಹಿಂದಿನ ಕಂಬಿ ಬ್ರೇಕಿನಲ್ಲಿ ಒಂದು ಕಡೆ ರಬ್ಬರ್ ಕಟ್ಟೆಯೇ ಇರಲಿಲ್ಲ ಎಂಬುದನ್ನು ನಾನು ಕಂಡಿದ್ದೆ. ಅಂದರೆ ಅವನನ್ನು ಅಲ್ಲಿ ನಿಲ್ಲಿಸಿದ್ದು ಸರಿಯೇ ಆಗಿತ್ತು. ನಾನು ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ಸರಿಯಾದ ಕಾರಣ ಹೇಳಿದ್ದರೆ, ಪಕ್ಕದ ಸೈಕಲ್ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ರಬ್ಬರ್ ಹಾಕಿಸಿಕೊಂಡು ಬಂದು ಅವನೂ ಓಡುತ್ತಿದ್ದ. ಸೈಕಲ್‌ನ ಜಾತಿ ನೋಡಿ ಬರೆದ ನಿಯಮ ರಿಪೇರಿಯಾಗಬಲ್ಲ ದೋಷವನ್ನೂ ತೋರಿಸುವುದಿಲ್ಲ, ನಿಜವಾದ ಅಪಾಯವನ್ನೂ ಹಿಡಿಯುವುದಿಲ್ಲ.

ಈಗ ನ್ಯಾಯದ ಪ್ರಶ್ನೆಗೆ ಬರುತ್ತೇನೆ. ಸಾದಾ ಸೈಕಲ್ ಮತ್ತು ರೋಡ್ ಬೈಕ್ (ರಸ್ತೆ ಓಟಕ್ಕೆಂದೇ ಮಾಡಿದ ಹಗುರ ಗೇರ್ ಸೈಕಲ್) ನಡುವಿನ ಅಂತರ ತೂಕದ್ದು ಎಂದೇ ಬಹುಪಾಲು ಜನ ನಂಬಿದ್ದಾರೆ. ತೂಕದ ಅಂತರ ಇದೆ, ಆದರೆ ಅದು ಲೆಕ್ಕಕ್ಕೆ ಬರುವುದು ಏರಿನಲ್ಲಿ. ಅರವತ್ತು ಕಿಲೊದ ಸವಾರ 20 ಕಿಲೊದ ಸೈಕಲ್ ತುಳಿದರೆ ಒಟ್ಟು 80 ಕಿಲೊ, 8 ಕಿಲೊದ ಸೈಕಲ್ ತುಳಿದರೆ 68 ಕಿಲೊ. ಒಂದೇ ವೇಗದಲ್ಲಿ ಗುಡ್ಡ ಹತ್ತಲು ಮೊದಲನೆಯವನು ಸುಮಾರು ಶೇ 18ರಷ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ. ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಕಡೆ ಏರುವವರಿಗೆ ಇದು ಮೊಣಕಾಲಿನಲ್ಲೇ ತಿಳಿಯುತ್ತದೆ. ದಾವಣಗೆರೆಯ ಸುತ್ತಲಿನ ಭದ್ರಾ ನಾಲೆಯ ಸಮತಟ್ಟು ಬಯಲಿನಲ್ಲಿ ತೂಕಕ್ಕಿಂತ ಗಾಳಿ ಮತ್ತು ಗೇರು ದೊಡ್ಡ ಮಾತು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಫ್ರೀವೀಲ್ ಇರುವ 28 ಇಂಚಿನ ಸಾದಾ ಸೈಕಲ್, ಪೆಡಲ್ ಒಂದು ಸುತ್ತು ಬಂದರೆ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ 27 ಕಿಲೊಮೀಟರ್ ದಾಟುವುದಿಲ್ಲ. ಮುಂದೆ 50, ಹಿಂದೆ 11 ಹಲ್ಲು ಹಾಕಿಕೊಂಡ ರೋಡ್ ಬೈಕ್ ಅದೇ 80 ಸುತ್ತಿಗೆ 45 ಕಿಲೊಮೀಟರ್ ಹೋಗಬಲ್ಲದು. ಹಾಗೆಂದು ಕಾಲಿನಲ್ಲಿ ಬಲವಿಲ್ಲದವನು ಅಷ್ಟು ವೇಗದಲ್ಲಿ ಹೋಗುತ್ತಾನೆ ಎಂದಲ್ಲ, ಏಕೆಂದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 20 ಕಿಲೊಮೀಟರ್ ವೇಗವನ್ನು 30ಕ್ಕೆ ಏರಿಸಲು ಗಾಳಿಯೊಂದಕ್ಕೇ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ ತೆರಬೇಕು. ಆದರೆ ಬಲವಿದ್ದವನಿಗೆ ಸಾದಾ ಸೈಕಲ್ ಒಂದು ಮಿತಿ ಹಾಕುತ್ತದೆ. ಕಾಲು ಇನ್ನೂ ಓಡಬಲ್ಲುದಾದರೂ ಸೈಕಲ್ ಓಡುವುದಿಲ್ಲ. ಹೀಗಿರುವಾಗ ಇಬ್ಬರನ್ನೂ ಒಂದೇ ಬಹುಮಾನಕ್ಕೆ ನಿಲ್ಲಿಸುವುದು, ಖಂಡಿತ, ಅನ್ಯಾಯ. ಆದರೆ ಅದಕ್ಕಾಗಿ ಒಬ್ಬನನ್ನು ಮನೆಯಲ್ಲಿ ಕೂರಿಸಬೇಕಾಗಿಲ್ಲ.

ಗೇರ್ ಸೈಕಲ್ ನಿಷೇಧಿಸಿದರೆ ಬಡ ಸವಾರನಿಗೆ ಒಳ್ಳೆಯದಾಗುತ್ತದೆ ಎಂಬುದನ್ನೂ ನಾನು ಒಪ್ಪಲಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸವಾರರಲ್ಲಿ ಅನೇಕರು ಸಾಮಾನ್ಯ ರೈತ ಕುಟುಂಬಗಳವರು. ಅವರು ಮೇಲೆ ಬಂದದ್ದು ಯಾರೋ ಕೊಟ್ಟ, ಸೆಕೆಂಡ್ ಹ್ಯಾಂಡ್ ಕೊಂಡ, ಸಾಲ ಮಾಡಿ ತಂದ ಗೇರ್ ಸೈಕಲ್‌ಗಳ ಮೇಲೆ. ನಮ್ಮ ಜಿಲ್ಲೆಯ ಹುಡುಗನೊಬ್ಬ ಹಾಗೆ ಹೊಟ್ಟೆಬಟ್ಟೆ ಕಟ್ಟಿ ಒಂದು ರೋಡ್ ಬೈಕ್ ಹೊಂದಿಸಿಕೊಂಡ ದಿನವೇ ಅವನಿಗೆ ನಮ್ಮೂರಿನ ಸ್ಪರ್ಧೆಯ ಬಾಗಿಲು ಮುಚ್ಚಿದರೆ ಅವನು ಎಲ್ಲಿ ಕಲಿಯಬೇಕು?

ಸೈಕಲ್‌ನ ರೂಪ ನೋಡಿ ಗಾಬರಿಯಾಗುವುದು ನಮ್ಮೂರಿಗೆ ಮಾತ್ರ ಸೀಮಿತವಾದ ದೌರ್ಬಲ್ಯವಲ್ಲ. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಹಿಂದಕ್ಕೆ ಒರಗಿ ಕೂತು ತುಳಿಯುವ ಸೈಕಲ್‌ನಲ್ಲಿ ಒಂದು ಗಂಟೆಗೆ 45 ಕಿಲೊಮೀಟರ್‌ಗೂ ಹೆಚ್ಚು ದೂರ ಕ್ರಮಿಸಿ, 1914ರಿಂದ ಯಾರೂ ಮುರಿಯದಿದ್ದ ದಾಖಲೆಯನ್ನು ಮುರಿದ. ಆತ ಅಂದಿನ ಅಗ್ರಗಣ್ಯ ಸವಾರರ ಸಾಲಿನವನಲ್ಲ. ಮರುವರ್ಷವೇ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟವಾದ ಯುಸಿಐ, ಸೈಕಲ್ ಎಂದರೆ ಹೇಗಿರಬೇಕು ಎಂಬ ವ್ಯಾಖ್ಯಾನವನ್ನು ಬಿಗಿಮಾಡಿ ಅಂಥ ಸೈಕಲ್‌ಗಳನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಪ್ರತ್ಯೇಕ ವಿಭಾಗ ಮಾಡುವ ದಾರಿ ಇತ್ತು; ಅದನ್ನು ಹಿಡಿಯಲಿಲ್ಲ. ಡಿಸ್ಕ್ ಬ್ರೇಕಿನ ವಿಷಯದಲ್ಲೂ ಇಂಥದೇ ಆಯಿತು. 2016ರ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಡಿಸ್ಕ್ ತಗುಲಿ ಕಾಲು ಸೀಳಿತೆಂದು ಸವಾರರೊಬ್ಬರು ದೂರಿದ ಮೇಲೆ ಅದರ ಪ್ರಯೋಗವನ್ನೇ ತಡೆಹಿಡಿಯಲಾಯಿತು. 2018ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಇಂದು ವೃತ್ತಿಪರ ಓಟಗಳಲ್ಲಿ ರಿಮ್ಮನ್ನೇ ಒತ್ತಿ ಹಿಡಿಯುವ ಹಳೆಯ ರಿಮ್ ಬ್ರೇಕ್ ಕಾಣುವುದೇ ಅಪರೂಪ. ಹೊಸದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಅಪಾಯಕಾರಿ ಎನ್ನಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ. ನಮ್ಮಲ್ಲೂ ಡಿಸ್ಕ್ ಬ್ರೇಕಿನ ಸೈಕಲ್ ಬೇಡ ಎನ್ನುವ ಸಂಘಟಕರಿದ್ದಾರೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಕಂಬಿ ಬ್ರೇಕಿನ ರಬ್ಬರ್ ಹೇಗೆ ಜಾರುತ್ತದೆ ಎಂಬುದನ್ನು ಮಳೆಯಲ್ಲಿ ಒಮ್ಮೆ ಇಳಿಜಾರು ಇಳಿದು ನೋಡಿದರೆ ಅವರ ಅಭಿಪ್ರಾಯ ಬದಲಾದೀತು.

ಹಾಗಾದರೆ ಗುಂಪಿನ ಓಟಕ್ಕೆ ಬರಲೇಬಾರದ ಸೈಕಲ್ ಯಾವುದೂ ಇಲ್ಲವೇ? ಇದೆ. ಏರೋಬಾರ್ ಅವುಗಳಲ್ಲಿ ಮೊದಲನೆಯದು. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ಐವತ್ತು ಸೆಕೆಂಡ್ ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್, ಅಂಥದೇ ಹ್ಯಾಂಡಲ್ ಬಳಸಿ ಒಟ್ಟಾರೆ 8 ಸೆಕೆಂಡ್ ಅಂತರದಲ್ಲಿ ಗೆದ್ದ ಕಥೆ ಸೈಕ್ಲಿಂಗ್ ಬಲ್ಲವರಿಗೆಲ್ಲ ಗೊತ್ತು. ಆದರೆ ಅದು ಒಬ್ಬೊಬ್ಬರನ್ನೇ ಬಿಡುವ ಓಟ. ಲೆಮಾಂಡ್‌ನ ಮುಂದೆ ತಾಗಲು ಯಾರೂ ಇರಲಿಲ್ಲ. ಗುಂಪಿನಲ್ಲಿ ಹೊರಡುವ ರಸ್ತೆ ಓಟಗಳಲ್ಲಿ ಯುಸಿಐ ಆ ಹ್ಯಾಂಡಲ್‌ಗೆ ಅವಕಾಶ ಕೊಡುವುದಿಲ್ಲ, ಕಡ್ಡಿಗಳಿಲ್ಲದ ತಟ್ಟೆಯಂಥ ಚಕ್ರಕ್ಕೂ ಕೊಡುವುದಿಲ್ಲ. ನಮ್ಮ ಸಂಘಟಕರು ಕಣ್ಣು ಮುಚ್ಚಿ ಅನುಕರಿಸಬಹುದಾದ ನಿಯಮ ಇದು. ಎರಡನೆಯದು, ಬ್ರೇಕೇ ಇಲ್ಲದ, ಫ್ರೀವೀಲ್ ಇಲ್ಲದೆ ಚಕ್ರದ ಜೊತೆ ಪೆಡಲೂ ತಿರುಗುತ್ತಲೇ ಇರುವ ಫಿಕ್ಸಿ ಸೈಕಲ್. ಸೈಕಲ್ ಓಟಕ್ಕೆಂದೇ ಕಟ್ಟಿದ ವೆಲೊಡ್ರೋಮಿನ ಟ್ರ್ಯಾಕ್‌ನಲ್ಲಿ ಯಾರಿಗೂ ಬ್ರೇಕ್ ಇರುವುದಿಲ್ಲವಾದ್ದರಿಂದ ಅಲ್ಲಿ ಅದು ಸರಿ. ಹದಡಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ಸರಿಯಲ್ಲ.

ಚಕ್ರದ ವಿಷಯವನ್ನು ನಮ್ಮ ಸೀಮೆಯವರು ಇನ್ನಷ್ಟು ಗಂಭೀರವಾಗಿ ಯೋಚಿಸಬೇಕು. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ಯಾರೂ ಚಂದಕ್ಕೆ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಭರಮಸಾಗರದಿಂದ ಚಿತ್ರದುರ್ಗದ ಕಡೆಗೆ ಸೈಕಲ್ ತುಳಿದವರಿಗೆ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಮರೆಯಾದ ತಕ್ಷಣ ಅಡ್ಡಗಾಳಿ ಹೇಗೆ ಮೈಮೇಲೆ ಬೀಳುತ್ತದೆ ಎಂಬುದರ ಅನುಭವವಿರುತ್ತದೆ. ಅಂಥ ಗಾಳಿಯಲ್ಲಿ ಟೈರಿನಿಂದ ಕಡ್ಡಿಗಳ ಕಡೆಗೆ ಆಳವಾಗಿ ಚಾಚಿದ ಕಾರ್ಬನ್ ರಿಮ್ಮುಗಳು ಹಾಯಿಯಂತೆ ವರ್ತಿಸುತ್ತವೆ, ಅಂಗೈ ಅಗಲ ಸರಿದರೂ ಸಾಕು, ಪಕ್ಕದ ಸವಾರನಿಗೆ ತಾಗುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 1978ರಿಂದ ನಡೆಯುತ್ತಿರುವ, ಹತ್ತಾರು ಸಾವಿರ ಮಂದಿ ಸೇರುವ 109 ಕಿಲೊಮೀಟರ್ ಸೈಕಲ್ ಓಟವನ್ನು 2017ರಲ್ಲಿ ಆರಂಭಿಸಿದ ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸಬೇಕಾಯಿತು; ಗಾಳಿಗೆ ಸವಾರರು ಸೈಕಲ್ ಹಿಡಿದುಕೊಂಡು ನಿಲ್ಲುವುದೂ ಕಷ್ಟವಾಗಿತ್ತು. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಸ್ಪರ್ಧೆ ಇಡುವವರು ಮುಂದಿನ ಚಕ್ರದ ರಿಮ್ಮಿನ ಆಳಕ್ಕೆ ಮಿತಿ ಹಾಕುವುದು ಒಳಿತು. ಸುಗ್ಗಿಯ ಕಾಲದಲ್ಲಿ ಇನ್ನೊಂದು ಕಷ್ಟ. ರಸ್ತೆಯ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಒಣಹಾಕಿರುತ್ತಾರೆ. ಚದುರಿದ ಕಾಳಿನ ಮೇಲೆ 25 ಮಿಲಿಮೀಟರ್ ಟೈರಿನ ಸೈಕಲ್ ಗೋಲಿಗಳ ಮೇಲೆ ಹೆಜ್ಜೆಯಿಟ್ಟ ಹಾಗೆ ಜಾರುತ್ತದೆ. ಹೊಲದಲ್ಲಿ ಕಣ ಮಾಡಲು ಜಾಗವಿಲ್ಲದ ರೈತರನ್ನು ಇದಕ್ಕಾಗಿ ದೂರಲಾಗದು. ಸ್ಪರ್ಧೆಯ ದಾರಿಯನ್ನು ಹಿಂದಿನ ದಿನ ನೋಡಿಬಂದು ತೀರ್ಮಾನಿಸಬೇಕಾದವರು ಸಂಘಟಕರೇ. ಅಂಥ ದಾರಿಯಲ್ಲಿ 32 ಮಿಲಿಮೀಟರ್‌ಗಿಂತ ಸಣ್ಣ ಟೈರು ಬೇಡ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ.

ಉಳಿದೆಲ್ಲ ಸೈಕಲ್‌ಗಳಿಗೆ ನನ್ನ ಸಲಹೆ ಒಂದೇ ಪರೀಕ್ಷೆ. ನೆಲದ ಮೇಲೆ ಎರಡು ಗೆರೆ ಎಳೆಯಿರಿ, ನಡುವೆ ಆರು ಮೀಟರ್ ಇರಲಿ. ಗಂಟೆಗೆ ಸುಮಾರು 20 ಕಿಲೊಮೀಟರ್ ವೇಗದಲ್ಲಿ ಬಂದು ಮೊದಲ ಗೆರೆಯಲ್ಲಿ ಬ್ರೇಕ್ ಹಿಡಿದವರು ಎರಡನೆಯ ಗೆರೆಯೊಳಗೆ ಕಾಲೂರದೆ ನಿಲ್ಲಬೇಕು. ನಿಂತ ಸೈಕಲ್ ಎರಡು ಸಾವಿರದ್ದಾಗಲಿ ಎರಡು ಲಕ್ಷದ್ದಾಗಲಿ ಒಳಗೆ ಬರಲಿ. ನಿಲ್ಲದ ಸೈಕಲ್ ಎಂಥದೇ ಆಗಿರಲಿ, ಹೊರಗಿರಲಿ. ಹ್ಯಾಂಡಲ್‌ನ ತುದಿಗೆ ಬೂಚು ಇದೆಯೇ, ಸ್ಟ್ಯಾಂಡು ಸಡಿಲಾಗಿ ಜೋತಿದೆಯೇ, ಕ್ಯಾರಿಯರ್‌ನ ಕೊಕ್ಕೆ ಹೊರಚಾಚಿದೆಯೇ, ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂಬುದನ್ನು ಅದೇ ಹೊತ್ತಿನಲ್ಲಿ ನೋಡಿಬಿಡಬಹುದು.

ವಿಭಾಗಗಳು ಮೂರು ಸಾಕು: ಗೇರಿಲ್ಲದ ಸಾದಾ ಸೈಕಲ್, ನೇರ ಹ್ಯಾಂಡಲ್‌ನ ಗೇರ್ ಸೈಕಲ್, ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್. ಮೂರರಲ್ಲೂ ಮಹಿಳೆಯರಿಗೆ ಪ್ರತ್ಯೇಕ ಸ್ಥಾನಗಳಿರಬೇಕು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಶಾಲೆಗೆ ಸೈಕಲ್ ತುಳಿದದ್ದನ್ನು ಮೇಷ್ಟರಾಗಿ ಕಣ್ಣಾರೆ ಕಂಡವನು ನಾನು. ಮುಂದೆ ಬುಟ್ಟಿಯಿರುವ ಆ ಸರ್ಕಾರಿ ಸೈಕಲ್‌ಗಳು ಈಗಲೂ ಎಷ್ಟೋ ಮನೆಗಳ ಪಡಸಾಲೆಯಲ್ಲಿವೆ. ಆ ಸೈಕಲ್ ತುಳಿದವಳು ತನ್ನಂಥದೇ ಸೈಕಲ್ ತುಳಿದವಳನ್ನು ಸೋಲಿಸುವ ಒಂದು ಓಟ ಈ ಜಿಲ್ಲೆಯಲ್ಲಿ ಇರಲೇಬೇಕು. ರೋಡ್ ಬೈಕ್‌ನವರನ್ನು ಮೊದಲು ಬಿಟ್ಟು, ಹತ್ತು ನಿಮಿಷದ ಅಂತರದಲ್ಲಿ ಉಳಿದವರನ್ನು ಬಿಟ್ಟರೆ ಯಾರೂ ಯಾರನ್ನೂ ಗುಂಪಿನ ನಡುವೆ ನುಗ್ಗಿ ಹಿಂದಿಕ್ಕಬೇಕಾಗುವುದಿಲ್ಲ; ಕಬ್ಬಿಣದ ಸೈಕಲ್ ಅಡ್ಡ ಬರುತ್ತದೆ ಎಂಬ ದೂರಿಗೂ ಇದರಲ್ಲೇ ಪರಿಹಾರವಿದೆ. ಇಷ್ಟೊಂದು ವಿಭಾಗ ಮಾಡಿದರೆ ಸಮಯ ಅಳೆಯುವ ಯಂತ್ರಕ್ಕೆ ಹಣವೆಲ್ಲಿ ಎಂದು ಸಂಘಟಕರು ಕೇಳುತ್ತಾರೆ. ಬೆನ್ನಿಗೆ ಕಟ್ಟುವ ಸಂಖ್ಯೆಯ ಬಟ್ಟೆಯನ್ನು ಮೂರು ಬಣ್ಣದಲ್ಲಿ ಮಾಡಿಸಿದರೆ ಯಂತ್ರವೇ ಬೇಡ. ಬಹುಮಾನದ ಮೊತ್ತ ಮಾತ್ರ ಮೂರೂ ವಿಭಾಗಕ್ಕೆ ಸಮನಾಗಿರಬೇಕು. ಸಾದಾ ಸೈಕಲ್‌ನವನಿಗೆ ಸ್ಟೀಲ್ ಡಬ್ಬಿ ಕೊಟ್ಟು, ರೋಡ್ ಬೈಕ್‌ನವನಿಗೆ ಮಂಚದಷ್ಟು ಉದ್ದದ ಚೆಕ್ ಹಿಡಿಸಿ ಫೋಟೊ ತೆಗೆಸುವುದಾದರೆ ವಿಭಾಗ ಮಾಡಿ ಪ್ರಯೋಜನವಿಲ್ಲ.

ಬ್ಯಾಟರಿ ಸೈಕಲ್‌ಗಳ ಬಗ್ಗೆ ಈಗೀಗ ಜಗಳ ಹೆಚ್ಚುತ್ತಿದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೊಮೀಟರ್‌ಗಿಂತ ಕಡಿಮೆ ಇರುವ ಹಗುರ ವಾಹನ ಕೇಂದ್ರದ ನಿಯಮಗಳ ಪ್ರಕಾರ ಮೋಟಾರು ವಾಹನವಲ್ಲ. ಆದ್ದರಿಂದ ಅದನ್ನು ಸೈಕಲ್ ಎಂದೇ ಪರಿಗಣಿಸಿ ಎಂಬುದು ಕೆಲವರ ವಾದ. ಲೈಸೆನ್ಸ್ ಬೇಕಿಲ್ಲ ಎಂಬುದರಿಂದ ಪೈಪೋಟಿಗೆ ಅರ್ಹತೆ ಬರುವುದಿಲ್ಲ. ಆರೋಗ್ಯವಂತನಾದ ಸಾಧಾರಣ ಸವಾರ ಒಂದು ಗಂಟೆ ಕಾಲ ಕಾಲಿನಿಂದ ಹೊರಡಿಸುವ ಶಕ್ತಿಯೇ 250 ವ್ಯಾಟ್ ಮುಟ್ಟುವುದು ಕಷ್ಟ. ಅಷ್ಟನ್ನು ಮೋಟಾರೇ ಕೊಟ್ಟರೆ ಅದು ಎರಡು ಜೋಡಿ ಕಾಲಿನ ಓಟ. ಆದರೂ ಅವನ್ನು ಗೇಟಿನಿಂದ ಹೊರಗೆ ಕಳಿಸಬೇಡಿ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿಲೊಮೀಟರ್‌ಗಳ ಹಳೆಯ ಸವಾರಿಯಲ್ಲಿ ಈಗ ಸ್ಥಾನ ಘೋಷಿಸುವ ಪದ್ಧತಿಯಿಲ್ಲ. ಗರಿಷ್ಠ 90 ಗಂಟೆಯೊಳಗೆ ಮುಗಿಸಬೇಕು, ಅಷ್ಟೆ. ಒರಗು ಸೈಕಲ್, ಮೂರು ಚಕ್ರದ್ದು, ಇಬ್ಬರು ತುಳಿಯುವುದು ಎಲ್ಲವೂ ಅಲ್ಲಿ ಬರುತ್ತವೆ. ಮೋಟಾರಿಗೆ ಮಾತ್ರ ಅಲ್ಲಿ ಜಾಗವಿಲ್ಲ. ನಮ್ಮ ಸ್ಪರ್ಧೆಗಳ ಕೊನೆಗೆ ಹೀಗೆ ಸ್ಥಾನವಿಲ್ಲದ ಒಂದು ಸವಾರಿ ಸೇರಿಸಿ, ಅದರಲ್ಲಿ ಬ್ಯಾಟರಿ ಸೈಕಲ್‌ಗೂ ಎಡೆ ಕೊಟ್ಟರೆ ಮೊಣಕಾಲು ನೋವಿನ ನನ್ನಂಥವರೂ ಬರುತ್ತೇವೆ.

ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲ್ ಬಗ್ಗೆ ಒಂದು ಮಾತು. ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಧ ಸವಾರರು ಹಿಂದೆ ಕೂತು, ಕಣ್ಣು ಕಾಣುವ ಜೊತೆಗಾರ ಮುಂದೆ ಕೂತು ಓಡುವುದು ಇದರಲ್ಲೇ. ಗುಂಪಿನಲ್ಲಿ ಅದು ಇಳಿಜಾರಿನಲ್ಲಿ ಬೇರೆಯವರಿಗಿಂತ ವೇಗವಾಗಿ ಹೋಗುತ್ತದೆ, ಏರಿನಲ್ಲಿ ಹಿಂದೆ ಬೀಳುತ್ತದೆ. ಆದ್ದರಿಂದ ಪ್ರತ್ಯೇಕವಾಗಿ ಬಿಡುವುದು ಉತ್ತಮ. ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್‌ಗಳು ರಸ್ತೆಯ ಬಹುಭಾಗ ಹಿಡಿಯುತ್ತವಾದ್ದರಿಂದ ಅವುಗಳನ್ನು ಮೂವತ್ತು ಕಿಲೊಮೀಟರ್ ದಾರಿಗೆ ಬಿಡುವುದು ಕಷ್ಟ. ಜಿಲ್ಲಾ ಕ್ರೀಡಾಂಗಣದ ಸುತ್ತ ಎರಡು ಕಿಲೊಮೀಟರ್ ಓಟ ಸಾಧ್ಯವಿದೆ. ಅಂಗವಿಕಲರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದಕ್ಕಿಂತ ಇದು ಹೆಚ್ಚಿನ ಗೌರವ ಎಂದು ನನ್ನ ನಂಬಿಕೆ.

ಸಂಘಟಕರಲ್ಲಿ ನನ್ನ ವಿನಂತಿ ಇಷ್ಟು. ನಿಯಮಗಳನ್ನು ಸ್ಪರ್ಧೆಯ ಬೆಳಗ್ಗೆ ಹಾಳೆಯಲ್ಲಿ ಹಂಚಬೇಡಿ. ಒಂದು ತಿಂಗಳು ಮೊದಲೇ ಕನ್ನಡದಲ್ಲಿ ಪ್ರಕಟಿಸಿ, ಸೈಕಲ್ ಅಂಗಡಿಗಳ ಗೋಡೆಗೂ ಅಂಟಿಸಿ. ತಪಾಸಣೆಯನ್ನು ಹಿಂದಿನ ದಿನ ಸಂಜೆಯೇ ಹೈಸ್ಕೂಲ್ ಮೈದಾನದಂಥ ತೆರೆದ ಜಾಗದಲ್ಲಿ ನಡೆಸಿ, ಹಾಗಾದರೆ ದೋಷ ಕಂಡವರಿಗೆ ರಿಪೇರಿಗೆ ಒಂದು ರಾತ್ರಿ ಸಿಗುತ್ತದೆ. ಪಕ್ಕದಲ್ಲೊಂದು ಮೇಜು ಹಾಕಿ, ಮೆಕ್ಯಾನಿಕ್ ಒಬ್ಬರನ್ನು ಕೂರಿಸಿ, ಬ್ರೇಕ್ ರಬ್ಬರ್, ಬ್ರೇಕ್ ತಂತಿ, ಹ್ಯಾಂಡಲ್ ಬೂಚು, ಒಂದೆರಡು ಸ್ಪ್ಯಾನರ್ ಮತ್ತು ಗಾಳಿ ಪಂಪು ಇಡಿ. ನನ್ನ ಶಾಲಾ ದಿನಗಳಲ್ಲಿ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡಿದ್ದರಿಂದ ಕಂಬಿ ಬ್ರೇಕಿಗೆ ರಬ್ಬರ್ ಹಾಕುವುದು ನನಗೆ ಇನ್ನೂ ಮರೆತಿಲ್ಲ. ಮುಂದಿನ ಸ್ಪರ್ಧೆಯ ಹಿಂದಿನ ಸಂಜೆ ಆ ಮೇಜಿನ ಬಳಿ ಕೂರಲು ನಾನು ಸಿದ್ಧನಿದ್ದೇನೆ, ರಬ್ಬರ್ ಕಟ್ಟೆಗಳ ಖರ್ಚೂ ನನ್ನದೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ದಾವಣಗೆರೆ